ಸೋಲಿನ ತಂಡದ ನಿಷ್ಠಾವಂತ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶರತ್ಕಾಲದ ಶನಿವಾರಗಳಂದು ನಡೆಯುವ ಫುಟ್‌ಬಾಲ್, ಹೆಸರಿಗೆ ಕಾಲ್ಚೆಂಡಾದರೂ ಚೆಂಡು ಬಹುಪಾಲು ಕೈಯಲ್ಲೇ ಇರುವ ಆಟವಾಗಿದ್ದು, ‘ಡೌನ್’ ಎನ್ನಲಾಗುವ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗದ ತಂಡವು ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕಾಗುತ್ತದೆ. ಗೆಲ್ಲುವ ತಂಡಕ್ಕೆ ಅಭಿಮಾನಿಗಳು ಎಲ್ಲೆಡೆಯೂ ಸಿಗುತ್ತಾರೆ. ಅಧ್ಯಯನಯೋಗ್ಯನಾದವನು ಸೋಲುವ ತಂಡದ ಹಳೆಯ ವಿದ್ಯಾರ್ಥಿ. ಇವನ ಶುದ್ಧ ತಳಿಯು ಷಿಕಾಗೋ ಪಕ್ಕದ ಇವಾನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ್ದು. ಅಲ್ಲಿನ ತಂಡ 1979ರಿಂದ 1982ರವರೆಗೆ ಸತತವಾಗಿ 34 ಪಂದ್ಯಗಳನ್ನು ಸೋತು, ಅಗ್ರಶ್ರೇಣಿಯಲ್ಲಿ ದಾಖಲೆಯನ್ನೇ ಸ್ಥಾಪಿಸಿತು.

ತೊಳೆದು ತೊಳೆದು ಬಣ್ಣಗೆಟ್ಟ ನೇರಳೆ ಟೋಪಿ, ಅರ್ಧ ಖಾಲಿಯಾದ ಗ್ಯಾಲರಿಯಲ್ಲಿ ಕೊನೆಯ ಸೀಟಿಯವರೆಗೂ ಕೂರುವ ಹಟ, ‘ಮುಂದಿನ ವರ್ಷ ನೋಡಿ’ ಎಂಬ ವಾರ್ಷಿಕ ಭವಿಷ್ಯವಾಣಿ, ಇವು ಅವನ ಸಾಮಾನ್ಯ ಲಕ್ಷಣಗಳು. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ವಿವರಣೆ. ಇಂಥವನೊಬ್ಬನ ಮನೆಯಲ್ಲಿ ಊಟಕ್ಕೆ ಕುಳಿತ ಕನ್ನಡಿಗ ಅತಿಥಿಯೊಬ್ಬನು (ಅವನಾರೆಂದು ಇಲ್ಲಿ ಹೇಳಬೇಕಾಗಿಲ್ಲ) ಉಪ್ಪಿನ ಶೀಶೆಗೆ ಕೈ ಚಾಚಿದಾಗ, ಅದು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವವನು, ಆದ್ದರಿಂದ ಕದಲಿಸಕೂಡದೆಂಬ ಆಜ್ಞೆಯಾಯಿತು. ಚಮಚಗಳು ರಕ್ಷಣಾ ಸಾಲಾಗಿ ನಿಂತವು. ಬ್ರೆಡ್ಡಿನ ತುಣುಕು ಚೆಂಡಾಯಿತು. ನಾಲ್ಕನೆಯ ಡೌನಿನಲ್ಲಿ ಒಂದೇ ಗಜ ಬಾಕಿಯಿದ್ದಾಗ ತರಬೇತುದಾರನು ‘ಪಂಟ್’ ಮಾಡಿಸಿದ್ದು, ಅಂದರೆ ಚೆಂಡನ್ನು ದೂರಕ್ಕೆ ಒದೆಸಿ ಎದುರಾಳಿಗೆ ಬಿಟ್ಟುಕೊಟ್ಟದ್ದು, ಎಂಥ ಘೋರ ಅಪರಾಧವೆಂಬುದು ಸಿದ್ಧವಾಗುವಷ್ಟರಲ್ಲಿ ಸೂಪು ತಣ್ಣಗಾಗಿತ್ತು. ಪಂದ್ಯ ಎಷ್ಟು ಅಂತರದಲ್ಲಿ ಹೋಯಿತೆಂದು ಕೇಳಲಾಗಿ, ನಲವತ್ತಕ್ಕೂ ಮಿಕ್ಕಿದ ಅಂಕಗಳೆಂಬ ಉತ್ತರವು ಯಾವ ಸಂಕೋಚವೂ ಇಲ್ಲದೆ ಬಂತು. ಅತಿಥಿಯು ಉಪ್ಪಿಲ್ಲದೆಯೇ ಉಂಡನು. ಮುಂದಿನ ಭಾನುವಾರ ಅದೇ ಅತಿಥಿಯು ಯಾರಿಗೂ ಕಾಣದಂತೆ ಪತ್ರಿಕೆಯಲ್ಲಿ ಅದೇ ತಂಡದ ಅಂಕಗಳನ್ನು ಹುಡುಕಿದ್ದೂ ಉಂಟು.

ಈ ನಿಷ್ಠೆಗೆ ಒಂದು ವಿಚಿತ್ರ ಘನತೆಯಿದೆ. 1981ರ ನವೆಂಬರಿನಲ್ಲಿ ಮಿಷಿಗನ್ ಸ್ಟೇಟ್ ತಂಡದೆದುರು 61–14ರಿಂದ ಸೋತು ಸತತ 29ನೆಯ ಸೋಲಿನ ದಾಖಲೆಯಾದಾಗ, ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ, ತಾವೇ ಎಲ್ಲರಿಗಿಂತ ಕಳಪೆಯೆಂದು ಹರ್ಷೋದ್ಗಾರ ಮಾಡುತ್ತ ಗೋಲುಕಂಬಗಳನ್ನು ಕಿತ್ತರು. ಮರುವರ್ಷದ ಸೆಪ್ಟೆಂಬರಿನಲ್ಲಿ ನಾರ್ದರ್ನ್ ಇಲಿನಾಯ್ ತಂಡವನ್ನು ಮಣಿಸಿ ಸೋಲಿನ ಸರಪಳಿ ಕಡಿದಾಗ, ಕಂಬಗಳು ಮಿಷಿಗನ್ ಸರೋವರದ ಪಾಲಾದವು. 1983–88ರಲ್ಲಿ ಕೊಲಂಬಿಯಾ 44 ಪಂದ್ಯಗಳನ್ನೂ, 1989–98ರಲ್ಲಿ ಪ್ರೇರಿ ವ್ಯೂ 80 ಪಂದ್ಯಗಳನ್ನೂ ಸತತವಾಗಿ ಸೋತದ್ದನ್ನು ನೆನಪಿಸಿದರೆ, ಅವು ಕೆಳ ಶ್ರೇಣಿಯ ತಂಡಗಳೆಂದು ಅವನು ತನ್ನ ದಾಖಲೆಯ ಮಾನ ಕಾಯುತ್ತಾನೆ.

ಅವನಿಗೆ ನಿಜವಾದ ಕಷ್ಟ ಬಂದದ್ದು 1995ರಲ್ಲಿ. ತಂಡವು ನೋಟರ್ ಡೇಮನ್ನು 17–15ರಿಂದ ಸೋಲಿಸಿ, ಬಿಗ್ ಟೆನ್ ಎಂಬ ತನ್ನ ಲೀಗಿನ ಪ್ರಶಸ್ತಿ ಗೆದ್ದು, 1949ರ ಬಳಿಕ ಮೊದಲ ಬಾರಿಗೆ ಪಾಸಡೀನಾದ ರೋಸ್ ಬೌಲ್ ಪಂದ್ಯಕ್ಕೆ ಅರ್ಹವಾಯಿತು; ಅದುವರೆಗೆ ಮುಖ ತೋರಿಸದವರ ತಲೆಗಳ ಮೇಲೆಲ್ಲ ಹೊಸ ನೇರಳೆ ಟೋಪಿಗಳು ಹೊಳೆದವು. ಅವನು ಸಂತೋಷಪಟ್ಟನು, ಸಂದೇಹವಿಲ್ಲ; ಆದರೆ ಅವನ ವಿವರಣೆ ಯಾರಿಗೂ ಬೇಡವಾಯಿತು. 1996ರ ಜನವರಿ 1ರಂದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದೆದುರು ನಡೆದ ಆ ಪಂದ್ಯವನ್ನು ನಾರ್ತ್‌ವೆಸ್ಟರ್ನ್ 41–32ರಿಂದ ಸೋತಿತು.