ಫೋರ್ ಬೈ ಫೋರ್ ಷಡ್ಡಕರು

ಬೆಂಗಳೂರಿನ ಪ್ರತಿ ಬಂಧುಬಳಗದಲ್ಲೂ ಈಗ ಫೋರ್ ಬೈ ಫೋರ್ ಗಾಡಿಯ ಯಜಮಾನರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕರು. ವಯಸ್ಸು ನಲವತ್ತೈದು ದಾಟಿದೆ, ಸೊಂಟದ ಡಿಸ್ಕ್ ಜಾರಿದೆ, ಗಾಡಿ ಮಾತ್ರ ಥಾರ್. ಅದು ನಿತ್ಯ ಏರುವ ಕಡಿದಾದ ಬೆಟ್ಟವೆಂದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್. ದುರ್ಗಮ ಹಾದಿಯೆಂದರೆ ವೈಟ್‌ಫೀಲ್ಡಿನ ಆಫೀಸಿನದು. ಎರಡನೆಯದು ನಿಜಕ್ಕೂ ದುರ್ಗಮವೇ, ಒಪ್ಪುತ್ತೇನೆ.

"ಗಾಡಿ ಹೇಗಿದೆ?" ಎಂದು ಲೋಕಾಭಿರಾಮವಾಗಿ ಕೇಳಿದರೂ ಸಾಕು. ಮೈಲೇಜು ಹೇಳುವುದಿಲ್ಲ, ಅದನ್ನು ಹೆಂಡತಿಗೂ ಹೇಳಿಲ್ಲ. ಗ್ರೌಂಡ್ ಕ್ಲಿಯರೆನ್ಸ್ 226 ಮಿಲಿಮೀಟರ್, ಅಪ್ರೋಚ್ ಆ್ಯಂಗಲ್ 41.8 ಡಿಗ್ರಿ, 650 ಮಿಲಿಮೀಟರ್ ಆಳದ ನೀರಿಗೂ ಇಳಿಸಬಹುದು ಎಂದು ಸಂಧ್ಯಾವಂದನೆಯ ಮಂತ್ರದ ಹಾಗೆ ಒಪ್ಪಿಸುತ್ತಾರೆ. "ಅಷ್ಟು ನೀರು ಎಲ್ಲಿದೆಯಪ್ಪ? ನಮ್ಮನೆಗೆ ಟ್ಯಾಂಕರ್ ಬಂದೇ ಎರಡು ದಿನ ಆಯ್ತು" ಎಂದಿದ್ದರು ನಮ್ಮ ಅತ್ತೆ.

ಗಾಡಿಯ ಹಿಂದೆ ಸಲಿಕೆ, ಜೆರಿಕ್ಯಾನ್, ಎಳೆಯುವ ಹಗ್ಗ. ಸಲಿಕೆಯ ಬೆಲೆಚೀಟಿ ಇನ್ನೂ ಕಿತ್ತಿಲ್ಲ. ಮೆತ್ತಿದ ಕೆಸರನ್ನು ತೊಳೆಯಕೂಡದೆಂದು ಕಾರು ಒರೆಸುವ ಹುಡುಗನಿಗೆ ಕಟ್ಟಪ್ಪಣೆಯಿದೆ. ಒಮ್ಮೆ ಅವನು ಊರಿಗೆ ಹೋದಾಗ ಬದಲಿಗೆ ಬಂದವನು, ಪಾಪ, ಹೊಸ ಹುರುಪಿನಲ್ಲಿ ಸಕಲೇಶಪುರದ ಕೆಂಪು ಮಣ್ಣನ್ನೆಲ್ಲ ತೊಳೆದು ಫಳಫಳ ಮಾಡಿಟ್ಟ. ಷಡ್ಡಕರು ಅವತ್ತು ಸರಿಯಾಗಿ ಊಟ ಮಾಡಲಿಲ್ಲವಂತೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಟೈರಿನ ಗಾಳಿ.

ಕಲ್ಲುಮಣ್ಣಿನ ಹಾದಿಯಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ನೆಲಕ್ಕೆ ಕೂರುತ್ತದೆ, ಹಿಡಿತ ಹೆಚ್ಚುತ್ತದೆ, ಕುಲುಕಾಟವೂ ಕಡಿಮೆ. ಶಾಸ್ತ್ರ ಸರಿಯೇ. ಶಾಸ್ತ್ರಕ್ಕೆ ಒಂದು ಹೊತ್ತುಗೊತ್ತು ಬೇಡವೇ?

ಕೊಡಚಾದ್ರಿಗೆ ಹೊರಟಿದ್ದೆವು. 1,343 ಮೀಟರ್ ಎತ್ತರದ ಬೆಟ್ಟ, ಮೇಲಕ್ಕೆ ಇರುವುದು ಜೀಪಿನ ಹಾದಿ. ಷಡ್ಡಕರು ವಾರದಿಂದ ನಿದ್ದೆಗೆಟ್ಟಿದ್ದರು. ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿ, ನಾಗೋಡಿ ದಾಟಿ, ಕಟ್ಟಿನಹೊಳೆಯ ಹತ್ತಿರ ಬರುತ್ತಿದ್ದಂತೆ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. ಅತ್ತೆ, ಮಕ್ಕಳು, ಅವರ ಆಫೀಸಿನ ಗೆಳೆಯರ ಸಂಸಾರ, ಹಿಂದಿನಿಂದ ಪುಟ್ಟ ಕಾರಿನಲ್ಲಿ ಏದುಸಿರು ಬಿಡುತ್ತ ಬಂದ ನಾವು, ಸಾಲಾಗಿ ನಿಂತೆವು. ಷಡ್ಡಕರು ಮೊಣಕಾಲೂರಿ ವಾಲ್ವಿನ ಮುಚ್ಚಳ ಬಿಚ್ಚಿದರು. ಸುಸ್ಸೆಂದು ಗಾಳಿ ಬಿಟ್ಟರು, ಗೇಜು ಒತ್ತಿ ನೋಡಿದರು. "ಇಪ್ಪತ್ತೆರಡು ಇರಬೇಕಿತ್ತು, ಇಪ್ಪತ್ತೊಂದೂವರೆ ಆಯ್ತು" ಎಂದು ಕಂಪ್ರೆಸರ್ ತೆಗೆದು ಅರ್ಧ ಪಾಯಿಂಟ್ ತುಂಬಿದರು. ಗೆಳೆಯರು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಮಳೆಗಾಲ ಆಗತಾನೇ ಹಿಂದೆ ಸರಿದಿತ್ತು, ಹುಲ್ಲು ಒದ್ದೆ. ಇಷ್ಟೊಂದು ಕಾಲುಗಳು ಕದಲದೆ ಕಾಯುತ್ತ ನಿಲ್ಲುವ ಸುಯೋಗ ಇಂಬಳಗಳಿಗೆ ಎಂದಾದರೂ ಒದಗಿತ್ತೋ ಇಲ್ಲವೋ. ಅತ್ತೆ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಎಲ್ಲರ ಪಾದಕ್ಕೂ ಬಳಿಯುತ್ತ ಬಂದರು. ನಾಲ್ಕನೇ ಟೈರಿನ ಹೊತ್ತಿಗೆ ಸುಣ್ಣ ಮುಗಿದಿತ್ತು.

ಅಷ್ಟರಲ್ಲಿ ಹಳೇ ಜೀಪೊಂದು ಬಂದು ನಿಂತಿತು. ಹವಾಯಿ ಚಪ್ಪಲಿಯ ಡ್ರೈವರ್ ಕತ್ತು ಹೊರಹಾಕಿ, "ಎಂಥ, ಪಂಕ್ಚರಾ?" ಎಂದ.

"ಅಲ್ಲ. ಪ್ರೆಶರ್ ಇಳಿಸಿದೆ, ಮೇಲೆ ಹತ್ತೋದಕ್ಕೆ."

"ಮೇಲೆ ಸ್ವಂತ ಗಾಡಿ ಬಿಡೂದಿಲ್ಲ ಮಾರಾಯ್ರೆ. ಜೀಪಲ್ಲೇ ಹೋಗ್ಬೇಕು."

ಷಡ್ಡಕರು 41.8 ಡಿಗ್ರಿಯಿಂದ ಶುರು ಮಾಡಿದರು. ಅವನು ಬಹಳ ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡ. "ಹೌದೌದು. ಆದ್ರೂ ಬಿಡೂದಿಲ್ಲ."

ಜೀಪಿನ ಹಿಂದೆ ಎದುರುಬದುರು ಉದ್ದ ಸೀಟು. ಷಡ್ಡಕರಿಗೆ ಕೊನೆಯ ಮೂಲೆ ಸಿಕ್ಕಿತು, ಮಡಿಲಿಗೆ ಗೆಳೆಯರ ಮಗು. ಗುಂಡಿ ಬಂದಾಗಲೆಲ್ಲ ಅವರ ಬಲಗಾಲು ಬ್ರೇಕ್ ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇರಲಿಲ್ಲ, ನನ್ನ ಪಾದವಿತ್ತು. "ಲೋಗೆ ಹಾಕಿ, ಲೋಗೆ ಹಾಕಿ" ಎಂದು ಹಿಂದಿನಿಂದಲೇ ಕೂಗುವರು. ಅವರು ಕೂಗುವ ಮೊದಲೇ ಡ್ರೈವರ್ ಸಣ್ಣ ಲಿವರ್ ಎಳೆದಾಗಿರುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿದರು, "ಟೈರಲ್ಲಿ ಎಷ್ಟು ಗಾಳಿ ಇಟ್ಟಿದ್ದೀರಿ?"

"ಇದ್ದಷ್ಟು ಉಂಟು."

ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತಿ ಇದೇ ಜೀಪನ್ನು ಓಡಿಸುತ್ತಾನಂತೆ. ಒಂದು ಸಲ ಹೆರಿಗೆ ನೋವಿನ ಹೆಂಗಸನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದನ್ನು, ಅಡಿಕೆ ಮೂಟೆ ಸಾಗಿಸಿದ್ದನ್ನು, ಒಂದೇ ದನಿಯಲ್ಲಿ ಹೇಳಿದ. ಷಡ್ಡಕರು ಆಮೇಲೆ ಲೋ ಎನ್ನಲಿಲ್ಲ.

ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಜೀಪು ನಿಂತಿತು. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದೇ ಹತ್ತಬೇಕು. ಜಾರಿದ ಡಿಸ್ಕಿನ ಷಡ್ಡಕರು ಒಂದು ಕೈಯಲ್ಲಿ ಅತ್ತೆಯನ್ನು ಹಿಡಿದು, ಹೆಗಲಿಗೆ ಬಿಸಿನೀರಿನ ಫ್ಲಾಸ್ಕು, ಜೇಬಿನಲ್ಲಿ ಅವರ ಬಿ.ಪಿ. ಮಾತ್ರೆ ಇಟ್ಟುಕೊಂಡು ಮುಂದೆ ಹೊರಟರು. ಮಾತ್ರೆಯ ನೆನಪು ಅತ್ತೆಯ ಸ್ವಂತ ಮಕ್ಕಳಿಗೂ ಇರಲಿಲ್ಲ. ಮದುವೆ, ತಿಥಿ ಬಿಟ್ಟರೆ ನಮ್ಮ ಮನೆಯವರು ಒಂದೆಡೆ ಸೇರುವುದು ಈ ಗಾಡಿಯ ದೆಸೆಯಿಂದ ಮಾತ್ರ. ಒಬ್ಬೊಬ್ಬರಿಗೂ ಫೋನ್ ಮಾಡಿ, ರಜೆ ಹೊಂದಿಸಿ, ಮುನಿಸಿಕೊಂಡವರನ್ನು ಪಕ್ಕಪಕ್ಕ ಕೂರಿಸಿ ಕರೆದೊಯ್ಯುವವರು ಅವರೇ. ಕುಲುಕಾಟದಲ್ಲಿ ಒಬ್ಬರ ಮೇಲೊಬ್ಬರು ಬಿದ್ದ ಮೇಲೆ ಮುನಿಸು ಎಷ್ಟು ಹೊತ್ತು ನಿಂತೀತು? ಮನುಷ್ಯ ಮನುಷ್ಯರ ನಡುವೆ ಇಂಥ ಒಂದಿಷ್ಟು ಕೆಟ್ಟ ರಸ್ತೆ...

ಇದೇನು, ಹೊಗಳಲು ಕೂತೆನೇ! ಗಾಳಿಯ ಕಥೆ ಇನ್ನೂ ಮುಗಿದಿಲ್ಲ. ಇಳಿಸಿದ್ದನ್ನು ತುಂಬಬೇಕಲ್ಲ.

ಕೆಳಗೆ ಬಂದಾಗ ಕತ್ತಲಾಗುತ್ತಿತ್ತು. ಕಂಪ್ರೆಸರ್ ಗುರ್ರೆನ್ನುತ್ತ ಮೊದಲ ಟೈರಿಗೆ ಗಾಳಿ ತುಂಬತೊಡಗಿತು. ಡ್ರೈವರ್ ಮೆಲ್ಲಗೆ ಥಾರಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಎ.ಸಿ.ಗೆ ಮುಖವೊಡ್ಡಿ, "ಹಾಡು ಬರ್ತದಾ ಇದ್ರಲ್ಲಿ?" ಎಂದು ನನ್ನ ಮಗಳನ್ನು ಕೇಳಿದ. ಷಡ್ಡಕರು ಎಲ್ಲಿ ಎಂದು ನೋಡಿದರೆ ಎರಡು ಕಾಲು ಮಾತ್ರ ಕಂಡವು. ಮೊಬೈಲ್ ಟಾರ್ಚ್ ಹಿಡಿದು ಅಂಗಾತ ಮಲಗಿ ಜೀಪಿನ ಅಡಿಯ ಪಟ್ಟಿ ಸ್ಪ್ರಿಂಗುಗಳನ್ನು ಸವರುತ್ತಿದ್ದರು.

"ಅದಲುಬದಲು ಮಾಡಿಕೊಂಡ್ರೆ ಇಬ್ಬರೂ ಸುಖವಾಗಿರ್ತಾರೆ" ಎಂದರು ಅತ್ತೆ, ಕಾಲಿನ ಇಂಬಳ ಕೀಳುತ್ತ.

ಜೀಪಿನಡಿಯಿಂದ ದನಿ ಬಂತು: "ಎಷ್ಟಕ್ಕೆ ಕೊಡ್ತೀರಿ ಇದನ್ನ?"

"ರೀ, ಮೊದಲು ಹೊರಗೆ ಬನ್ನಿ!" ಎಂದರು ನನ್ನ ಹೆಂಡತಿಯ ಅಕ್ಕ.