ಜತ್ತ ಸೀಮೆಯ ರಸಾಯನ ಪದವೀಧರ: ಒಂದು ಗುಣಾತ್ಮಕ ವಿಶ್ಲೇಷಣೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದಂಚಿನ ಜತ್ತ ತಾಲೂಕಿನಲ್ಲಿ, ಅದರಲ್ಲೂ ಉಮದಿ, ಸಂಖ, ಬಿಳೂರ, ಗುಡ್ಡಾಪುರಗಳಂಥ ಕನ್ನಡದ ಊರುಗಳಲ್ಲಿ, ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿಟ್ಟುಕೊಂಡು ಬಿ.ಎಸ್ಸಿ. ಓದುವವರ ಬಗ್ಗೆ ಎರಡು ಸಿದ್ಧಾಂತಗಳು ಪ್ರಚಲಿತವಾಗಿವೆ. ಮೊದಲನೆಯದರ ಪ್ರಕಾರ ಅವರು ಮುಂದೆ ಔಷಧದ ಅಂಗಡಿ ಇಡುವವರು. ಎರಡನೆಯದರ ಪ್ರಕಾರ ಡಾಕ್ಟರರಾಗಲು ಹೊರಟು, ನಂಬರು ಹತ್ತದೆ ಉಳಿದವರು. ಔಷಧದ ಅಂಗಡಿಗೆ ಬೇರೆಯೇ ಓದು ಇದೆಯೆಂದು ಎಷ್ಟು ಬಿಡಿಸಿ ಹೇಳಿದರೂ, ಮನೆಯ ಮುತ್ಯಾ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯನ್ನು ಮುಂದೆ ಹಿಡಿದು, ‘ಇದು ಬಿ.ಪಿ.ದೋ ಸಕ್ಕರೀದೋ ನೋಡಿ ಹೇಳು ತಮ್ಮಾ’ ಎಂದು ಕೇಳುವುದು ಮೂರು ವರ್ಷವೂ ತಪ್ಪುವುದಿಲ್ಲ. ಎರಡನೆಯ ಸಿದ್ಧಾಂತವನ್ನು ಅಲ್ಲಗಳೆಯುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ, ಏಕೆಂದರೆ ನೀಟ್ ಪರೀಕ್ಷೆಯ ದಪ್ಪ ದಪ್ಪ ಪುಸ್ತಕಗಳು ಕಪಾಟಿನಲ್ಲಿ ಇನ್ನೂ ಸಾಕ್ಷಿಯಾಗಿ ಕೂತಿರುತ್ತವೆ.

ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕರ್ನಾಟಕದ ಗೆರೆಯ ಆಚೆಗೇ ಉಳಿಯಿತು. ಹೀಗಾಗಿ ಇಲ್ಲಿನ ಕನ್ನಡದ ಮಕ್ಕಳು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಓದಿ, ಜತ್ತ ಪಟ್ಟಣದ ರಾಜೇ ರಾಮರಾವ್ ಮಹಾವಿದ್ಯಾಲಯಕ್ಕೋ ಕೊಲ್ಹಾಪುರದ ಶಿವಾಜಿ ವಿದ್ಯಾಪೀಠಕ್ಕೆ ಸೇರಿದ ಮತ್ತೊಂದು ಕಾಲೇಜಿಗೋ ಬರುತ್ತಾರೆ. ಅಲ್ಲಿ ಪುಸ್ತಕ ಇಂಗ್ಲಿಷಿನದು, ವಿವರಣೆ ಮರಾಠಿಯದು, ತಲೆಯೊಳಗಿನ ಸಂಶಯ ಕನ್ನಡದ್ದು. ಮೂಲವಸ್ತುವೊಂದರ ಅತಿ ಸಣ್ಣ ಕಣವನ್ನು ಕನ್ನಡದ ಪುಸ್ತಕ ಪರಮಾಣುವೆಂದೂ, ಅಂಥ ಕಣಗಳು ಕೂಡಿ ಆದದ್ದನ್ನು ಅಣುವೆಂದೂ ಕಲಿಸಿರುತ್ತದೆ. ಮರಾಠಿಯಲ್ಲಿ ಮೊದಲನೆಯದೇ ಅಣು, ಎರಡನೆಯದು ರೇಣು. ನೀರಿನ ಒಂದು ರೇಣುವಿನಲ್ಲಿ ಮೂರು ಅಣುಗಳಿವೆಯೆಂದು ಪ್ರಾಧ್ಯಾಪಕರು ಹೇಳಿದಾಗ ತರಗತಿಯ ಅರ್ಧ ಜನ ತಲೆದೂಗುತ್ತಾರೆ, ಇನ್ನರ್ಧ ಜನ ನೀರಿನೊಳಗೆ ಮತ್ತೆ ಮೂರು ನೀರು ಹೇಗೆ ಬಂತೆಂದು ಚಿಂತಿಸುತ್ತಾರೆ. ಈ ಎರಡನೆಯ ಅರ್ಧದವರು ಕೊನೆಗೆ ಮೂರೂ ಭಾಷೆಗಳ ಗೊಡವೆ ಬಿಟ್ಟು ಸೂತ್ರಗಳನ್ನೇ ನೆಚ್ಚಿಕೊಳ್ಳುವುದರಿಂದ, ಪರೀಕ್ಷೆಯಲ್ಲಿ ಅವರಿಗೇ ಒಂದೆರಡು ಅಂಕ ಹೆಚ್ಚು ಬರುವುದುಂಟು.

ಪದವಿಯ ಜೀವಾಳವೆಂದರೆ ಪ್ರಯೋಗಾಲಯ, ಪ್ರಯೋಗಾಲಯದ ಜೀವಾಳವೆಂದರೆ ಲವಣ ವಿಶ್ಲೇಷಣೆ. ಚಿಟಿಕೆಯಷ್ಟು ಪುಡಿಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟು, ಅದರೊಳಗಿನ ಲೋಹ ಯಾವುದು, ಅದರೊಡನೆ ಕೂಡಿದ ಆಮ್ಲದ ಭಾಗ ಯಾವುದು ಎಂದು ಕಂಡುಹಿಡಿಯಲು ಹೇಳುವ ಈ ಪದ್ಧತಿಯಲ್ಲಿ ಮೊದಲು ನೋಡಬೇಕಾದದ್ದು ಬಣ್ಣ: ನೀಲಿಯಿದ್ದರೆ ತಾಮ್ರವಿರಬಹುದು, ತಿಳಿಗುಲಾಬಿಯಿದ್ದರೆ ಮ್ಯಾಂಗನೀಸ್ ಇರಬಹುದು. ಆದರೆ ಇದು ಪ್ರಾಥಮಿಕ ಪರೀಕ್ಷೆ ಮಾತ್ರ, ಬಣ್ಣ ನಂಬಿ ಯಾರೂ ತೀರ್ಮಾನಕ್ಕೆ ಬರತಕ್ಕದ್ದಲ್ಲ ಎಂದು ಜರ್ನಲ್ಲಿನಲ್ಲಿ, ಅಂದರೆ ಪ್ರಯೋಗಗಳನ್ನು ಬರೆದು ಸಹಿ ಹಾಕಿಸಿಕೊಳ್ಳುವ ದಪ್ಪ ವಹಿಯಲ್ಲಿ, ಕೆಂಪು ಶಾಯಿಯಿಂದ ಎಚ್ಚರಿಸಲಾಗಿರುತ್ತದೆ. ಮುಂದಿನ ಹಂತಗಳಲ್ಲಿ ಒಂದಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಬೇಕು. ಇದನ್ನು ಬೇಕಾದಾಗ ಬೇಕಾದಷ್ಟು ಉತ್ಪಾದಿಸುವ ಗಾಜಿನ ಉಪಕರಣವನ್ನು ಡಚ್ ಔಷಧತಜ್ಞ ಕಿಪ್ 1844ರಲ್ಲಿ ರೂಪಿಸಿದನು. ಆ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆಯಿರುವ ಕಾರಣ, ಪ್ರಯೋಗದ ದಿನ ಸಂಜೆ ಉಮದಿಯ ಎಸ್.ಟಿ. ಬಸ್ಸು ಹತ್ತಿದ ರಸಾಯನದ ವಿದ್ಯಾರ್ಥಿಗೆ ಎಂಥ ಗದ್ದಲದಲ್ಲೂ ಆಚೀಚೆ ಎರಡು ಸೀಟು ಖಾಲಿ ಸಿಗುತ್ತವೆ. ಪದವಿಯಿಂದ ಕೂಡಲೇ ದೊರೆಯುವ ಲಾಭಗಳಲ್ಲಿ ಇದನ್ನು ಮೊದಲನೆಯದೆಂದು ಪರಿಗಣಿಸಬಹುದು.

ನೀರಿನ ವಿಷಯಕ್ಕೆ ಬಂದರೆ ಜತ್ತಿನ ಪ್ರಯೋಗಾಲಯಕ್ಕೂ ಜತ್ತಿನ ಹೊಲಗಳಿಗೂ ಕಷ್ಟ ಒಂದೇ. ಮಳೆಯ ನೆರಳಿನ ಈ ಸೀಮೆಯಲ್ಲಿ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ತರುವ ಮ್ಹೈಸಾಳ ಯೋಜನೆಯ ಕಾಲುವೆ ಯಾವ ಊರಿಗೆ ಬಂತು, ಯಾವ ಊರಿಗೆ ಬರಲಿಲ್ಲ ಎಂಬುದೇ ಮುಖ್ಯ ರಾಜಕಾರಣ. ಇಂಥಲ್ಲಿ ಒಂದು ಲೀಟರು ಬಟ್ಟಿಯಿಳಿಸಿದ ನೀರು ಬೇಕೆಂದರೆ, ಅದರ ಆವಿಯನ್ನು ತಣಿಸುವ ಸಲುವಾಗಿ ಕೊಳವೆಯಲ್ಲಿ ಅದರ ಎಷ್ಟೋ ಪಟ್ಟು ನೀರನ್ನು ಹರಿಯಬಿಡಬೇಕಾಗುತ್ತದೆ. ಟ್ಯಾಂಕರಿನ ಮುಂದೆ ಕೊಡಗಳು ಸಾಲುಗಟ್ಟುವ ಚೈತ್ರ ವೈಶಾಖಗಳಲ್ಲಿ ಈ ಶುದ್ಧೀಕರಣ ಕಾರ್ಯವನ್ನು ಕಿಟಕಿ ಮುಚ್ಚಿ ಮಾಡುವುದು ಕ್ಷೇಮ. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳ ಪ್ರಮಾಣ, ಅಳೆಯುವ ಪಾಠ ಎರಡನೆಯ ವರ್ಷದ ಹೊತ್ತಿಗೆ ಬರುತ್ತದೆ: ನೀರಿಗೆ ಸೂಚಕದ ಎರಡು ಹನಿ ಹಾಕಿದರೆ ಅದು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ, ಮೇಲಿನ ಬ್ಯೂರೆಟ್ಟಿನಿಂದ ಇ.ಡಿ.ಟಿ.ಎ. ದ್ರಾವಣವನ್ನು ಹನಿಹನಿಯಾಗಿ ಬಿಟ್ಟಂತೆ ಒಂದು ಗಳಿಗೆಯಲ್ಲಿ ಅಚ್ಚ ನೀಲಿಯಾಗುತ್ತದೆ, ಆ ಗಳಿಗೆಯೇ ಅಂತ್ಯಬಿಂದು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ತನ್ನೂರಿನ ಬೋರಿನ ನೀರನ್ನು ಬಾಟಲಿಯಲ್ಲಿ ತಂದ ಉತ್ಸಾಹಿ ವಿದ್ಯಾರ್ಥಿನಿಯೊಬ್ಬಳು ಬ್ಯೂರೆಟ್ಟು ಬರಿದಾದರೂ ನೀಲಿಯನ್ನು ಕಾಣದೆ ನಿಂತಳೆಂದರೆ, ಆ ನೀರಿನಲ್ಲಿ ಬ್ಯಾಳಿ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ ಎಂಬ ತೀರ್ಮಾನಕ್ಕೆ ಅವಳ ಅವ್ವ ಯಾವ ಸೂಚಕವೂ ಇಲ್ಲದೆ ಎಂದೋ ಬಂದಿದ್ದಳೆಂಬುದನ್ನು ಇಲ್ಲಿ ದಾಖಲಿಸಬೇಕಾಗುತ್ತದೆ.

ಸೂಚಕಗಳ ಮಾತು ಬಂದದ್ದರಿಂದ ಅರಿಶಿಣವನ್ನೂ ನೆನೆಯಬಹುದು. ಸಾಂಗಲಿ ಹೇಳಿಕೇಳಿ ಅರಿಶಿಣದ ಪೇಟೆ. ಅರಿಶಿಣ ಸುಣ್ಣ ಕೂಡಿದರೆ ಕೆಂಪಾಗುತ್ತದೆಂಬುದನ್ನು ತಿಳಿದೇ ಹಳಬರು ಕುಂಕುಮ ಮಾಡಿದರು. ಪ್ರತ್ಯಾಮ್ಲದಲ್ಲಿ ಬಣ್ಣ ಬದಲಿಸುವ ಪದಾರ್ಥಕ್ಕೆ ಉದಾಹರಣೆ ಕೊಡಿರೆಂದು ಕೇಳಿದರೆ ವಿದ್ಯಾರ್ಥಿ ಮಾತ್ರ ಫಿನಾಲ್ಫ್ತಲೀನ್ ಎಂದೇ ಬರೆಯುತ್ತಾನೆ, ಅದೂ ಕಾಗುಣಿತ ತಪ್ಪಿ.

ಆದರೆ ರಸಾಯನಶಾಸ್ತ್ರದ ನಿಜವಾದ ವಿಭಾಗ ಇರುವುದು ದ್ರಾಕ್ಷಿಯ ತೋಟದಲ್ಲಿ. ದ್ರಾಕ್ಷಿಯವರು ದಾವಣ್ಯಾ ಎನ್ನುವ ಡೌನಿ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಹುಟ್ಟೇ ವಿನೋದದ್ದು: ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು, ದಾರಿಹೋಕರು ಹಣ್ಣು ಕದಿಯದಂತೆ ಹೆದರಿಸಲು, ರಸ್ತೆ ಬದಿಯ ಸಾಲುಗಳಿಗೆ ಮಾತ್ರ ಮೋರಚೂದ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಮೋರಚೂದವೆಂದರೆ ಮೈಲುತುತ್ತ, ಪುಸ್ತಕದ ಭಾಷೆಯಲ್ಲಿ ತಾಮ್ರದ ಸಲ್ಫೇಟ್. ರೋಗ ಬಂದಾಗ ಒಳಗಿನ ಬಳ್ಳಿಗಳ ಎಲೆ ಉದುರಿ, ಈ ನೀಲಿ ಬಳಿದ ಬಳ್ಳಿಗಳು ಹಸಿರಾಗಿಯೇ ಉಳಿದದ್ದನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ದೆ ಗಮನಿಸಿ, 1885ರಲ್ಲಿ ಜಗತ್ತಿಗೆ ತಿಳಿಸಿದನು. ಕಳ್ಳರ ಭಯದಿಂದ ಇಷ್ಟು ದೊಡ್ಡ ಉಪಕಾರವಾದದ್ದು ಶಾಸ್ತ್ರದ ಇತಿಹಾಸದಲ್ಲಿ ಅಪರೂಪ.

ಶೇಕಡಾ 1ರ ದ್ರಾವಣಕ್ಕೆ 100 ಲೀಟರು ನೀರಿಗೆ ಒಂದು ಕಿಲೋ ಮೋರಚೂದ, ಒಂದು ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ಬಿಡಿ ತಾಮ್ರ ಎಲೆಯನ್ನು ಸುಡುತ್ತದೆ. ಆದ್ದರಿಂದ ಕಲಸಿದ ಮೇಲೆ ತೋಟ ನೋಡಿಕೊಳ್ಳುವ ಕಾಕಾ ತಿಕ್ಕಿ ಬೆಳಗಿದ ಕುಡಗೋಲನ್ನು ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಳಿಬಿಟ್ಟು, ತುಸು ಹೊತ್ತು ಹಿಡಿದು, ಮೇಲೆತ್ತಿ ಬಿಸಿಲಿಗೆ ಹೊರಳಿಸಿ ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಛಾಯೆ ಕೂತಿದ್ದರೆ ಇನ್ನೊಂದು ಬೊಗಸೆ ಸುಣ್ಣ. ಪಕ್ಕದಲ್ಲಿ ನಿಂತ ಮೂರನೆಯ ವರ್ಷದ ವಿದ್ಯಾರ್ಥಿಗೆ ಇದು ಸ್ಥಾನಪಲ್ಲಟ ಕ್ರಿಯೆಯೆಂದು, ಅಂದರೆ ಹೆಚ್ಚು ಚುರುಕಿನ ಕಬ್ಬಿಣ ದ್ರಾವಣಕ್ಕಿಳಿದು ತಾಮ್ರವನ್ನು ಹೊರಗೆ ತಳ್ಳುವ ಕ್ರಿಯೆಯೆಂದು ಹೊಳೆಯುತ್ತದೆ. ಈ ಎರಡು ಲೋಹಗಳ ಕೋಶದ ವಿಭವ 0.78 ವೋಲ್ಟ್ ಎಂದು ಅವನು ಬಾಯಿಬಿಟ್ಟು ಹೇಳಿಯೂ ಬಿಡುತ್ತಾನೆ. ‘ವೋಲ್ಟ್ ಗೀಲ್ಟ್ ಕರೆಂಟಿನವರಿಗೆ ಹೇಳು, ನೀ ಆ ಸುಣ್ಣದ ಬಕೆಟ್ ಇತ್ತಾಗ ತಾ’ ಎಂಬುದು ಕಾಕಾನ ಉತ್ತರ. ಇಬ್ಬರ ಫಲಿತಾಂಶವೂ ಒಂದೇ ಆಗಿರುವಾಗ ಬಕೆಟ್ ಹೊರುವವನು ಯಾರೆಂಬುದನ್ನು ವಯಸ್ಸು ನಿರ್ಧರಿಸುತ್ತದೆ.

ಒಣದ್ರಾಕ್ಷಿ, ಅಂದರೆ ಬೇದಾಣಾ, ಮಾಡುವ ಶೆಡ್ಡುಗಳಲ್ಲೂ ಇದೇ ಕಥೆ. ಹಣ್ಣಿನ ಮೇಲಿನ ಮೇಣದ ಪದರವನ್ನು ಸಡಿಲಿಸಿದರೆ ಮಾತ್ರ ಒಳಗಿನ ನೀರು ಬೇಗ ಆರುವುದರಿಂದ, ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟಿನ ನೀರಿಗೆ ಡಿಪ್ಪಿಂಗ್ ಆಯಿಲ್ ಬೆರೆಸಿ ಅದರಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ಆ ಎಣ್ಣೆಯ ಸಾರ ಈಥೈಲ್ ಓಲಿಯೇಟ್. ಆಮ್ಲವೂ ಮದ್ಯಸಾರವೂ ಕೂಡಿ ಆಗುವ ಎಸ್ಟರ್ ಎಂಬ ಜಾತಿಗೆ ಸೇರಿದ್ದು. ಮನೆಯ ವರ್ಷದ ಸಾಲ ತೀರುವುದು ಈ ಎಸ್ಟರಿನಿಂದಲೇ ಆದರೂ, ಪರೀಕ್ಷೆಯಲ್ಲಿ ಅದರ ಮೇಲಿನ ಪ್ರಶ್ನೆಗೆ ಎರಡೇ ಅಂಕ.

ಪದವಿ ಕೈಗೆ ಬಂದ ಮೇಲೆ ಕೆಲವರು ಬಿ.ಎಡ್. ಮಾಡುತ್ತಾರೆ, ಕೆಲವರು ಸಕ್ಕರೆ ಕಾರ್ಖಾನೆಯ ಲ್ಯಾಬು ಸೇರಿ ಹಂಗಾಮಿನುದ್ದಕ್ಕೂ ಕಬ್ಬಿನ ಹಾಲಿನ ಸಿಹಿ ಅಳೆಯುತ್ತಾರೆ. ಉಳಿದವರಿಗೆ ಅನಿರೀಕ್ಷಿತ ನೆರವು ಸರ್ಕಾರದಿಂದಲೇ ಬಂದಿದೆ: ಕೀಟನಾಶಕ ನಿಯಮಗಳಿಗೆ 2015ರಲ್ಲಿ ತಂದ ತಿದ್ದುಪಡಿಯಂತೆ, ಕೀಟನಾಶಕ ಮಾರುವ ಪರವಾನಗಿಗೆ ಕೃಷಿ ಪದವಿಯಂತೆಯೇ ರಸಾಯನಶಾಸ್ತ್ರದಂಥ ವಿಷಯದ ವಿಜ್ಞಾನ ಪದವಿಯೂ ನಡೆಯುತ್ತದೆ. ಅಂಗಡಿ ಇಡುವರೆಂಬ ಊರಿನ ಭವಿಷ್ಯ ಹೀಗೆ ಅಲ್ಪ ತಿದ್ದುಪಡಿಯೊಂದಿಗೆ ನಿಜವಾಗಿ, ಕೃಷಿ ಸೇವಾ ಕೇಂದ್ರದ ಗೋಡೆಯ ಮೇಲೆ ಗುಡ್ಡಾಪುರದ ದಾನಮ್ಮದೇವಿಯ ಪಟದ ಪಕ್ಕದಲ್ಲಿ ಪದವಿಪತ್ರಕ್ಕೂ ಒಂದು ಮೊಳೆ ಸಿಕ್ಕಿದೆ. ಡಬ್ಬಿಯ ಬೆನ್ನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಎರಡು ಸಾಲಿನ ರಾಸಾಯನಿಕ ಹೆಸರನ್ನು ತಡವರಿಸದೆ ಓದಬಲ್ಲವನು, ಓದಿ ಅದರ ರಚನೆಯನ್ನು ಕಾಗದದ ಮೇಲೆ ಬಿಡಿಸಿ ತೋರಿಸಬಲ್ಲವನು, ಗಲ್ಲೆಯ ಹಿಂದೆ ಸಿದ್ಧನಾಗಿ ಕೂತಿರುತ್ತಾನೆ. ಗಿರಾಕಿ ಬಂದು, ‘ಹೋದ ವರ್ಷ ನಮ್ಮ ಮಾವ ಹೊಡೆದಿದ್ನಲ್ಲ, ಆ ಹಸಿರು ಮುಚ್ಚಳದ್ದು ಕೊಡು’ ಎನ್ನುತ್ತಾನೆ. ಬಣ್ಣ ನಂಬಿ ತೀರ್ಮಾನಕ್ಕೆ ಬರಬಾರದೆಂದು ಕಲಿತವನು, ಹಸಿರಿನಲ್ಲಿ ತಿಳಿಹಸಿರೋ ಕಡುಹಸಿರೋ ಎಂದಷ್ಟೇ ಕೇಳಿ, ಎದ್ದು ಡಬ್ಬಿ ತೆಗೆದುಕೊಡುತ್ತಾನೆ.