ಐದು ರೂಪಾಯಿ ಮಾಫಿ

ಐದು ರೂಪಾಯಿ ಟಿಕೆಟ್ಟನ್ನು ಒಂದು ಸಂಜೆಯ ಮಟ್ಟಿಗೆ ಮಾಫಿ ಮಾಡಲು ಏನೇನು ಬೇಕು? ಮೊದಲಿಗೆ ಒಂದು ಶಾಮಿಯಾನ. ಮುಂದಿನ ಸಾಲಿಗೆ ಬಿಳಿ ಬಟ್ಟೆ ಹೊದಿಸಿದ ಸೋಫಾ, ಹಿಂದಿನವರಿಗೆ ಪ್ಲಾಸ್ಟಿಕ್ ಕುರ್ಚಿ. ಮೈಕ್ ಸೆಟ್. ಗಣ್ಯರ ತಲೆಗೊಂದರಂತೆ ಮೈಸೂರು ಪೇಟ, ಕೈಗೊಂದರಂತೆ ಹಣ್ಣಿನ ಬುಟ್ಟಿ. ಗಾಳಿಗೆ ಆರುವ ದೀಪಕ್ಕೆ ಅಂಗೈ ಅಡ್ಡ ಹಿಡಿದು ನಿಲ್ಲಲು ಒಬ್ಬ ಗ್ರೂಪ್ ಡಿ ನೌಕರ. ಎಲ್ಲ ಸೇರಿ ಎಷ್ಟಾಯಿತೆಂದು ಬಿಲ್ಲು ಪಾಸು ಮಾಡಿದವರು ಬಾಯಿ ಬಿಡುವುದಿಲ್ಲ. ಆ ದುಡ್ಡಿನಲ್ಲಿ ಅರ್ಧ ಊರಿಗೆ ಟಿಕೆಟ್ ಕೊಡಿಸಿ, ಮಿಕ್ಕಿದ್ದರಲ್ಲಿ ಮಂಡಕ್ಕಿ ಮಿರ್ಚಿ ಹಂಚಬಹುದಿತ್ತು ಎಂಬುದು ನನ್ನ ಬಡ ಲೆಕ್ಕ.

ಊರಿನ ಹೆಸರು ಬೇಡ. ಒಂದು ಜಿಲ್ಲಾ ಕೇಂದ್ರ, ಅಲ್ಲೊಂದು ಮ್ಯೂಸಿಯಂ, ಅದಕ್ಕೊಂದು ಬೀಗ. ನಿಮ್ಮೂರಿನದೇ ಅಂದುಕೊಂಡರೂ ನನ್ನ ಅಭ್ಯಂತರವಿಲ್ಲ. ಅಲ್ಲಿ ಒಂದು ದಿನ ‘ಸಾರ್ವಜನಿಕರಿಗೆ ಸಂಜೆ ಉಚಿತ ಪ್ರವೇಶ’ ಎಂಬ ಫ್ಲೆಕ್ಸ್ ಏಳುತ್ತದೆ. (2016ರಲ್ಲೇ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಯಿತಲ್ಲ ಎನ್ನುವವರಿಗೆ: ಆ ಆದೇಶದ ಪ್ರತಿಯನ್ನೂ ಒಳಗೆ ಗಾಜಿನ ಪೆಟ್ಟಿಗೆಯಲ್ಲಿಡಬಹುದು.) ಮೇಲಿನ ಸಾಲಿನಲ್ಲಿ ಮಂತ್ರಿಗಳ ದೊಡ್ಡ ಮುಖಗಳು, ಅದರ ಕೆಳಗೆ ಶಾಸಕರ ಮಧ್ಯಮ ಮುಖಗಳು, ಅದರ ಕೆಳಗೆ ನಿಗಮ-ಮಂಡಳಿಗಳ ಸಣ್ಣ ಮುಖಗಳು. ಒಳಗಿನ ವಿಗ್ರಹಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಪುರುಸೊತ್ತಿಲ್ಲದವರಿಗೆ ಹೊರಗಿನ ಮುಖಗಳನ್ನು ಶಿಷ್ಟಾಚಾರದ ಕ್ರಮದಲ್ಲಿ ಜೋಡಿಸುವುದು ಮಾತ್ರ ಎಂದೂ ತಪ್ಪುವುದಿಲ್ಲ. ಎಷ್ಟು ಗಂಟೆಗೆ, ಏನು ನೋಡಲು ಎಂಬ ವಿವರ ತೀರಾ ಕೆಳಗೆ, ಪ್ರಿಂಟಿಂಗ್ ಪ್ರೆಸ್ಸಿನವನ ಫೋನ್ ನಂಬರಿನ ಪಕ್ಕ. ಇಷ್ಟಾಗಿ ಆ ಫ್ಲೆಕ್ಸನ್ನು ಕಟ್ಟುವುದು ಎಲ್ಲಿ? ಮ್ಯೂಸಿಯಮ್ಮಿನ ಕಾಂಪೌಂಡಿಗೇ. ಬಾಗಿಲ ತನಕ ಬಂದವರಿಗಷ್ಟೇ ಒಳಗೆ ಬನ್ನಿ ಎಂಬ ಕರೆ.

ಜನ ಬಾರದಿರುವುದು ಐದು ರೂಪಾಯಿಗೆ ಹೆದರಿ ಅಲ್ಲ ಎಂಬುದು ಇಲಾಖೆಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಊರು ಕೆಲಸಕ್ಕೆ ಹೋಗಿರುತ್ತದೆ. ಊರು ಕೆಲಸ ಬಿಡುವ ಹೊತ್ತಿಗೆ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ರಾಜ್ಯ ಸರ್ಕಾರದ್ದಾದರೆ ಸೋಮವಾರ ರಜೆ, ಕೇಂದ್ರ ಪುರಾತತ್ವ ಇಲಾಖೆಯದ್ದಾದರೆ ಶುಕ್ರವಾರ. ಗಾರೆ ಕೆಲಸದವನು ವೀರಗಲ್ಲು ನೋಡಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಹಾಗಾಗಿ ನಮ್ಮ ಮ್ಯೂಸಿಯಮ್ಮುಗಳ ಖಾಯಂ ಗಿರಾಕಿಗಳೆಂದರೆ ಪ್ರವಾಸದ ಬಸ್ಸಿನಿಂದ ಇಳಿಸಿದ ಶಾಲೆ ಮಕ್ಕಳು, ಕೂರಲು ಬೇರೆಲ್ಲೂ ಜಾಗ ಸಿಗದ ಪ್ರೇಮಿಗಳು, ಮತ್ತೆ ಪಾರಿವಾಳಗಳು. ನಾಲ್ಕೂವರೆಗೇ ಬೀಗದ ಕೈ ಗೊಂಚಲಿನ ಸದ್ದು ಶುರುವಾಗುತ್ತದೆ. ನೀವು ಹೊಯ್ಸಳರ ಕೋಣೆ ದಾಟುತ್ತಿದ್ದಂತೆ ಹಿಂದೆ ಹೊಯ್ಸಳರ ದೀಪ ಆರುತ್ತದೆ, ವಿಜಯನಗರಕ್ಕೆ ಕಾಲಿಡುತ್ತಿದ್ದಂತೆ ವಿಜಯನಗರದ ಫ್ಯಾನು ನಿಲ್ಲುತ್ತದೆ. ಸಾಮ್ರಾಜ್ಯಗಳ ಪತನವನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ವ್ಯವಸ್ಥೆ ಬೇರೆಲ್ಲೂ ಇರಲಾರದು.

ವರ್ಷಕ್ಕೊಮ್ಮೆ ಮಾತ್ರ ಇಲಾಖೆಗೆ ಮೈಮೇಲೆ ಬರುತ್ತದೆ, ಮೇ 18ರಂದು. 1977ರಿಂದ ಅದು ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಅದರ ಆಸುಪಾಸಿನ ಒಂದು ಶನಿವಾರ ಯೂರೋಪಿನಲ್ಲಿ ತಡರಾತ್ರಿಯವರೆಗೆ ಮ್ಯೂಸಿಯಂ ತೆರೆದಿಡುವ ಹಬ್ಬ ನಡೆಯುತ್ತದೆ. ಫ್ರಾನ್ಸಿನವರು 2005ರಲ್ಲಿ ಅದಕ್ಕೆ ಆ ರೂಪ ಕೊಟ್ಟರು. ಅದಕ್ಕೂ ಮುಂಚೆ, 1997ರಲ್ಲೇ, ಬರ್ಲಿನ್ನಿನವರು ಒಂದು ಟಿಕೆಟ್ಟಿಗೆ ಹಲವು ಮ್ಯೂಸಿಯಂ ಎಂದು ‘ದೀರ್ಘ ರಾತ್ರಿ’ ಶುರು ಮಾಡಿದ್ದರು. ಗಮನಿಸಿ, ಅದು ಪುಕ್ಕಟೆಯಲ್ಲ. ಕಾಸು ತೆಗೆದುಕೊಂಡು ರಾತ್ರಿ ಕೊಡುತ್ತಾರೆ. ನಮ್ಮಲ್ಲಿ ಕಾಸು ಬಿಟ್ಟು ಭಾಷಣ ಕೊಡುತ್ತಾರೆ. ಮೇ 18ಕ್ಕೆ ನಮ್ಮಲ್ಲಿ ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಡುವ ಉತ್ಸಾಹಿಗಳಿಗೂ ಕೊರತೆಯಿಲ್ಲ. ಆಗ ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳು ಅಜ್ಜಿ ಮನೆಯಲ್ಲಿ ಮಾವಿನ ಮರ ಹತ್ತಿರುತ್ತವೆ. ಕೊನೆಗೆ ಸಿಬ್ಬಂದಿಯ ಮಕ್ಕಳಿಗೇ ಪ್ರಥಮ, ದ್ವಿತೀಯ, ತೃತೀಯ.

ಸಂಜೆ ತೆರೆಯುವ ಯೋಚನೆಯೇ ನಮಗೆ ಬಂದಿಲ್ಲ ಎಂದರೆ ಅನ್ಯಾಯವಾದೀತು. 2019ರಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡುವುದಾಗಿ ಘೋಷಿಸಿತು. ಕರ್ನಾಟಕದಿಂದ ಎರಡು: ವಿಜಯಪುರದ ಗೋಲ ಗುಮ್ಮಟ, ಪಟ್ಟದಕಲ್ಲಿನ ದೇವಾಲಯಗಳು. ಗುಮ್ಮಟದ ಕತೆ ಪರವಾಗಿಲ್ಲ, ಅದು ಊರೊಳಗೇ ಇದೆ. ಪಟ್ಟದಕಲ್ಲು ಬಾದಾಮಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ರಾತ್ರಿ ಒಂಬತ್ತಕ್ಕೆ ವಿರೂಪಾಕ್ಷನಿಗೆ ಕೈ ಮುಗಿದು ಹೊರಗೆ ಬಂದವರು ಊರಿಗೆ ಹೋಗುವುದು ಹೇಗೆ? ಆ ಘೋಷಣೆಯ ಒಂದು ಪ್ರತಿ ಬಸ್ ಡಿಪೋಗೂ ಹೋಗಿತ್ತೇ ಎಂದು ಕೇಳಬಾರದು. ಸಂಸ್ಕೃತಿ ಒಂದು ಇಲಾಖೆ, ಸಾರಿಗೆ ಇನ್ನೊಂದು.

ಹಿಂದೆ ಹೀಗಿರಲಿಲ್ಲ ಎಂದು ಹಳಹಳಿಸುವವನು ನಾನಲ್ಲ. ಆದರೆ ಜನರನ್ನು ಕರೆಸುವುದು ಹೇಗೆಂದು ಬಲ್ಲ ಒಬ್ಬ ಡಾಕ್ಟರ್ ಇದ್ದದ್ದಂತೂ ನಿಜ, ಎಡ್ವರ್ಡ್ ಬಾಲ್ಫರ್. 1851ರಲ್ಲಿ ಮದ್ರಾಸಿನ ಮ್ಯೂಸಿಯಂ ಶುರುವಾದಾಗ ಅದರ ಉಸ್ತುವಾರಿ ಈತನದೇ. ಕಲ್ಲು, ಚಿಪ್ಪು, ಹುಲ್ಲು ತುಂಬಿದ ಹಕ್ಕಿ ನೋಡಲು ಬರುವವರಿಗಿಂತ ಆವರಣದಲ್ಲಿ ಕಟ್ಟಿಹಾಕಿದ ಜೀವಂತ ಹುಲಿ, ಚೀತಾ ನೋಡಲು ಬರುವವರೇ ಹೆಚ್ಚು ಎಂದು ಆತ ಕಂಡುಕೊಂಡ. ಕಂಡುಕೊಂಡು ಸುಮ್ಮನಾಗಲಿಲ್ಲ, ಕರ್ನಾಟಿಕ್ ನವಾಬನ ಮನವೊಲಿಸಿ ಅವನ ಪ್ರಾಣಿಗಳನ್ನೆಲ್ಲ ಹೊಡೆದುಕೊಂಡು ಬಂದ. ಮದ್ರಾಸಿನ ಮೃಗಾಲಯ ಹುಟ್ಟಿದ್ದು ಹೀಗೆ. ಅದೇ ಬಾಲ್ಫರ್ ಮುಂದೆ ಬೆಂಗಳೂರಿನ ಮ್ಯೂಸಿಯಮ್ಮಿಗೂ ಕಾರಣನಾದ. 1865ರಲ್ಲಿ ದಂಡು ಪ್ರದೇಶದಲ್ಲಿ ಅದು ಬಾಗಿಲು ತೆರೆದಾಗ ಜನ ಅದಕ್ಕಿಟ್ಟ ಹೆಸರು ತಮಾಷಾ ಬಂಗಲೆ. ಆಮೇಲೆ ಮ್ಯೂಸಿಯಂ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋಯಿತು, ಹಳೆಯ ಜಾಗದ ರಸ್ತೆ ಮಾತ್ರ ಇವತ್ತಿಗೂ ಮ್ಯೂಸಿಯಂ ರೋಡ್. ವಿಳಾಸ ಒಂದು ಕಡೆ, ವಸ್ತು ಇನ್ನೊಂದು ಕಡೆ ಇರುವ ಸಂಪ್ರದಾಯಕ್ಕೆ ಅಲ್ಲಿಂದಲೇ ನಾಂದಿ. ತಮಾಷೆಯಂತೂ ನಿಂತಿಲ್ಲ. ಬಂಗಲೆಯೊಳಗಿದ್ದದ್ದು ಈಗ ವೇದಿಕೆ ಮೇಲೆ ಬಂದಿದೆ, ಅಷ್ಟೆ.

ಹುಲಿ ಕಟ್ಟಿಹಾಕಿ ಎಂದು ನಾನು ಹೇಳುತ್ತಿಲ್ಲ, ಅರಣ್ಯ ಇಲಾಖೆ ಬಿಡುವುದಿಲ್ಲ. ಆದರೆ ಒಂದು ನಾಯಿ ಇದೆಯಲ್ಲ! ಮದ್ದೂರು ಬಳಿಯ ಆತಕೂರಿನಲ್ಲಿ ಸಿಕ್ಕಿದ, ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದ ಹತ್ತನೇ ಶತಮಾನದ ಕಲ್ಲು ಒಂದು ನಾಯಿಯದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ ಗಂಗ ಬೂತುಗ ತನ್ನ ಆಳು ಮಣಲೇರನಿಗೆ ಮೆಚ್ಚಿ ಏನು ಬೇಕು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ನಿಗಮ-ಮಂಡಳಿ ಕೇಳಲಿಲ್ಲ. ಅರಸನ ಬೇಟೆನಾಯಿ ಕಾಳಿಯನ್ನು ಕೊಡಿ ಎಂದ. ಆ ಕಾಳಿ ಮುಂದೊಂದು ದಿನ ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಒಂದನ್ನೊಂದು ಕೊಂದು ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಆ ಕಲ್ಲಿನ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಗಲಲಿ ಎಂದು ಬರೆಸಿದರು. ಇಂಥ ಕತೆಯನ್ನು ಒಂದು ಸಂಜೆ, ಒಂದು ದೀಪ ಹಾಕಿ, ಬಾಯಿ ಬಲ್ಲ ಒಬ್ಬ ಮೇಷ್ಟ್ರಿಂದ ಹೇಳಿಸಿದರೆ ನಾಯಿ ಸಾಕಿದವರೆಲ್ಲ ನಾಯಿಯ ಸಮೇತ ಬಂದಾರು. ಆದರೆ ನಮ್ಮ ಮ್ಯೂಸಿಯಮ್ಮುಗಳ ಚೀಟಿ ಬರೆಯುವ ಶೈಲಿಯೇ ಬೇರೆ: ‘ವೀರಗಲ್ಲು. ಗಂಗರ ಕಾಲ. ಮುಟ್ಟಬೇಡಿ.’ ಸಂಜೆ ಐದಕ್ಕೇ ಬೀಗ ಜಡಿದು ಊಟಕ್ಕೆ ಹೋಗುವ ಈಗಿನ ಗೊರವರಿಗೆ ಯಾವ ಪಾಪವನ್ನು ಬರೆಸಬೇಕೋ ಶಾಸನತಜ್ಞರೇ ಹೇಳಬೇಕು.

ಪ್ರಚಾರದ ಮಾತು ಕೇಳಿದರೆ ಅಧಿಕಾರಿಗಳು ಮೊಬೈಲ್ ತೆಗೆದು ತೋರಿಸುತ್ತಾರೆ. ‘ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದೇವಲ್ಲ ಸಾರ್!’ ಗ್ರೂಪಿನಲ್ಲಿ ಇರುವವರು ಯಾರು? ಉಳಿದ ಇಲಾಖೆಗಳ ಅಧಿಕಾರಿಗಳು. ಅವರು ಹೆಬ್ಬೆರಳು ಎತ್ತುತ್ತಾರೆ, ಕೈ ಮುಗಿಯುತ್ತಾರೆ, ಬರುವುದಿಲ್ಲ. ಪತ್ರಿಕೆಗಳಿಗೆ ಹೋಗುವ ಪ್ರಕಟಣೆ ಕಾರ್ಯಕ್ರಮದ ಮರುದಿನದ ಪುಟಕ್ಕೆ ಅಳತೆ ಮಾಡಿ ಹೊಲಿದದ್ದು: ಉದ್ಘಾಟಿಸಿ ಮಾತನಾಡಿದರು, ಉಪಸ್ಥಿತರಿದ್ದರು, ವಂದಿಸಿದರು. ಸಂಜೆ ಮ್ಯೂಸಿಯಂ ತೆರೆದಿತ್ತು ಎಂಬುದು ಊರಿಗೆ ತಿಳಿಯುವುದು ಬೆಳಿಗ್ಗೆ ಕಾಫಿಯ ಜೊತೆ. ಜನಕ್ಕೆ ತಿಳಿಯಲಿಲ್ಲ ಎನ್ನುವುದು ಪ್ರಚಾರದ ಸೋಲೆಂದು ನಾವು ತಿಳಿದಿದ್ದೇವೆ. ತಪ್ಪು. ಪ್ರಚಾರ ತಲುಪಬೇಕಾದಲ್ಲಿಗೆ ತಲುಪಿದೆ, ವಿಧಾನಸೌಧದ ಫೈಲಿಗೆ.

ಟೆಂಟ್ ಹಾಕಿದ ನಾಟಕ ಕಂಪನಿಯವರು ಒಂದು ಬಾಡಿಗೆ ಆಟೊ, ಒಂದು ಮೈಕು, ಬಣ್ಣದ ಹ್ಯಾಂಡ್‌ಬಿಲ್ಲಿನಲ್ಲಿ ಇಡೀ ತಾಲ್ಲೂಕನ್ನು ರಾತ್ರಿ ಹತ್ತಕ್ಕೆ ಕೂರಿಸುತ್ತಾರೆ. ಅಷ್ಟೂ ಬೇಡ. ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ಪ್ರತಿ ಮನೆ ಮುಂದೆ ನಿಲ್ಲುವ ಕಸದ ಗಾಡಿ ಇದೆ. ‘ಹಸಿ ಕಸ ಬೇರೆ, ಒಣ ಕಸ ಬೇರೆ, ಶನಿವಾರ ಸಂಜೆ ಮ್ಯೂಸಿಯಂ ತೆರೆದಿರುತ್ತದೆ’ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಈ ಸಲಹೆಯನ್ನು ಒಬ್ಬ ಅಧಿಕಾರಿಯ ಮುಂದಿಟ್ಟೆ. ಅವರು ನೊಂದುಕೊಂಡರು. ‘ಪರಂಪರೆ ಸಾರ್, ಕಸದ ಜೊತೆಗಾ?’ ಆಮೇಲೆ ದನಿ ತಗ್ಗಿಸಿ, ‘ಜನ ಬಂದುಬಿಟ್ಟರೆ ಏನು ಮಾಡೋದು? ಟಾಯ್ಲೆಟ್ ಒಂದೇ ಇದೆ’ ಎಂದರು. ಇದು ಈ ವಿಷಯದಲ್ಲಿ ನಾನು ಕೇಳಿದ ಏಕೈಕ ಪ್ರಾಮಾಣಿಕ ಮಾತು.

ಅಂಥದೊಂದು ಉಚಿತ ಸಂಜೆ, ಭಾಷಣಗಳೆಲ್ಲ ಮುಗಿದು ಗಣ್ಯರ ಕಾರುಗಳು ಹೊರಟ ಮೇಲೆ, ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಟಿಫಿನ್ ಬ್ಯಾಗು ಹಿಡಿದ ಹೆಂಗಸೊಬ್ಬಳು ಮಗಳ ಕೈ ಹಿಡಿದು ಗೇಟಿಗೆ ಬಂದಳು. ಒಳಗೆ ಇನ್ನೂ ದೀಪ ಉರಿಯುತ್ತಿತ್ತು.

‘ಪಾಸ್ ಇದೆಯಾ ಅಕ್ಕಾ?’ ಎಂದ ವಾಚ್‌ಮನ್.

‘ಫ್ರೀ ಅಂದ್ರಲ್ಲಪ್ಪ?’

‘ಫ್ರೀನೇ. ಪಾಸ್ ಇದ್ದೋರಿಗೆ.’

‘ಅದೆಲ್ಲಿ ಕೊಡ್ತಾರೆ?’

‘ಇವತ್ತಿಂದು ಮುಗೀತು. ಮುಂದಿನ ಸಲಕ್ಕೆ ಬೇಕಂದ್ರೆ ಆಫೀಸಿಗೆ ಬಂದು ಹೆಸರು ಬರೆಸಿ. ಬೆಳಿಗ್ಗೆ ಹತ್ತರಿಂದ ಐದೂವರೆ.’